‘ಐ ಕಮ್ ಟುಮಾರೋ’ ಅಂದವನನ್ನು ನೋಡಿ ನಗಬೇಡಿ



‘ಐ ಕಮ್ ಟುಮಾರೋ’ ಎಂದು ನಮ್ಮ ಹುಡುಗ ಬರೆದರೆ ಕೆಂಪು ಶಾಯಿಯ ಗೀಟು ಬೀಳುತ್ತದೆ. ಸರಿ, ಅದು ತಪ್ಪೇ. ಆದರೆ ಯಾಕೆ ತಪ್ಪು ಎಂದು ಯಾರಾದರೂ ಅವನಿಗೆ ಹೇಳಿದ್ದಾರೆಯೇ? ‘ಕನ್ನಡದಲ್ಲಿ ಯೋಚನೆ ಮಾಡ್ತೀಯ, ಅದಕ್ಕೇ ಹೀಗೆ’ ಎಂದು ಗದರಿಸಿ ಮುಗಿಸುತ್ತಾರೆ. ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳೂ ಇವೆ. ನಾನು ಹೇಳುವುದು ಇದಕ್ಕೆ ತದ್ವಿರುದ್ಧ. ಅವನು ಕನ್ನಡದಲ್ಲಿ ಯೋಚಿಸಿದ್ದು ಸಾಲದು, ಇನ್ನಷ್ಟು ಯೋಚಿಸಬೇಕಿತ್ತು!

ಕೇಳಿ. ‘ದಿನಾ ಬರ್ತೀನಿ’ ಅನ್ನುತ್ತೇವೆ, ‘ನಾಳೆ ಬರ್ತೀನಿ’ ಅನ್ನುತ್ತೇವೆ. ಕ್ರಿಯಾಪದ ಒಂದೇ, ಕಾಲ ಹೇಳುವುದು ‘ನಾಳೆ’. ‘ಬರುವೆನು’ ಪುಸ್ತಕದಲ್ಲಿದೆ, ಹಾಡಿನಲ್ಲಿದೆ. ಸಂತೆಯಲ್ಲಿ ಯಾರು ಆಡುತ್ತಾರೆ? ಕನ್ನಡ ಕ್ರಿಯಾಪದಕ್ಕಿರುವುದು ಎರಡೇ ಕಾಲ, ಆಗಿಹೋದದ್ದು ಮತ್ತು ಉಳಿದದ್ದು, ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಮೂರು ಕಾಲದ ಲೆಕ್ಕ ಸಂಸ್ಕೃತದ ಎರವಲು.

ಇಂಗ್ಲಿಷಿಗಾದರೂ ಭವಿಷ್ಯದ ರೂಪ ಎಲ್ಲಿದೆ? ‘ವಾಕ್’ ಇದೆ, ‘ವಾಕ್ಡ್’ ಇದೆ, ಮೂರನೆಯದಿಲ್ಲ. ಪಕ್ಕದಲ್ಲಿ ‘ವಿಲ್’ ತಂದು ನಿಲ್ಲಿಸಬೇಕು. ಅದು ಮೊದಲು ‘ಇಚ್ಛಿಸು’ ಎಂಬ ಅರ್ಥದ ಪದ. ನಮ್ಮ ಅಜ್ಜಂದಿರು ಬರೆದಿಟ್ಟ ‘ಉಯಿಲು’ ಅದೇ ಮನೆತನದ್ದು. ‘ಶಲ್’, ‘ವಿಲ್’ಗಳ ನಿಯಮವನ್ನು ಜಾನ್ ವಾಲಿಸ್ 1653ರಲ್ಲಿ ಬರೆದಿಟ್ಟ. ಬರೆದ ಭಾಷೆ ಯಾವುದು ಗೊತ್ತೆ? ಲ್ಯಾಟಿನ್!

ಈಗ ಪಾಠಕ್ಕೆ ಬನ್ನಿ. ಫೋನ್ ಬಂತು, ‘ನಾನು ತಗೋತೀನಿ’ ಅಂತೀರಿ. ಆ ಕ್ಷಣದ ತೀರ್ಮಾನ, ‘ಐ ವಿಲ್ ಟೇಕ್ ಇಟ್’. ಮಾತು ಕೊಡುವುದಕ್ಕೂ ಇದೇ ‘ವಿಲ್’. ‘ಮನೆ ಕಟ್ಟಬೇಕೂಂತ ಇದ್ದೀನಿ’ ಎಂದರೆ ಮನಸ್ಸು ಮೊದಲೇ ಮಾಡಿಯಾಗಿದೆ, ‘ಐ ಆಮ್ ಗೋಯಿಂಗ್ ಟು ಬಿಲ್ಡ್’. ಮೋಡ ನೋಡಿ ‘ಮಳೆ ಬರೋ ಹಾಗಿದೆ’ ಅಂದರೂ ಅದೇ ‘ಗೋಯಿಂಗ್ ಟು’. ಟಿಕೆಟ್ ಜೇಬಿನಲ್ಲಿದೆ, ‘ನಾಳೆ ಮೈಸೂರಿಗೆ ಹೊರಡ್ತಾ ಇದ್ದೀನಿ’: ‘ಐ ಆಮ್ ಲೀವಿಂಗ್ ಟುಮಾರೋ’. ಅಚ್ಚು ಹಾಗೇ ಕೂರುತ್ತದೆ. ‘ಬಸ್ಸು ನಾಳೆ ಆರಕ್ಕೆ ಹೊರಡುತ್ತೆ’, ‘ದ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’. ಇಲ್ಲಿ ‘ವಿಲ್’ ಬೇಕಾಗಿಲ್ಲ. ನಮ್ಮ ಹುಡುಗನ ‘ಐ ಕಮ್’ ಇದೇ ಅಚ್ಚಿನದು. ವೇಳಾಪಟ್ಟಿಗೆ ಸಲ್ಲುವುದನ್ನು ಮಾತು ಕೊಡುವಲ್ಲಿ ಬಳಸಿದ, ಅಷ್ಟೇ. ‘ಮಾತು ಕೊಡ್ತಿದ್ದೀಯೋ, ಬರಬೇಕೂಂತ ಇದ್ದೀಯೋ?’ ಎಂದು ಮೇಷ್ಟರು ಕನ್ನಡದಲ್ಲಿ ಒಂದು ಸಲ ಕೇಳಿದ್ದರೆ ಅವನೇ ತಿದ್ದಿಕೊಳ್ಳುತ್ತಿದ್ದ.

ಇನ್ನೊಂದು ನೋಡಿ. ‘ನಾಳೆ ಮಳೆ ಬಂದರೆ ರಜೆ.’ ನಾಳಿನ ಮಳೆಗೆ ನಾವು ‘ಬಂದ’ ಎಂಬ ಆಗಿಹೋದ ರೂಪ ಬಳಸುತ್ತೇವೆ, ಭವಿಷ್ಯದ ಸುಳಿವೇ ಇಲ್ಲ. ಇಂಗ್ಲಿಷಿನಲ್ಲೂ ‘ಇಫ್ ಇಟ್ ರೇನ್ಸ್’, ಅಲ್ಲಿ ‘ವಿಲ್’ ಕೂಡದು. ‘ಇಫ್ ಇಟ್ ವಿಲ್ ರೇನ್’ ಎಂದು ಬರೆದವನನ್ನು ಕೆಡಿಸಿದ್ದು ಕನ್ನಡವಲ್ಲ, ‘ನಾಳೆ ಅಂದರೆ ವಿಲ್’ ಎಂಬ ಉರು ಪಾಠ. ಇನ್ನು ನಮ್ಮ ‘ಬಂದಾನು’ ಇದೆಯಲ್ಲ, ಅದಕ್ಕೆ ಅವರು ‘ಹಿ ಮೇ ಕಮ್’ ಎಂದು ಮೂರು ಪದ ಜೋಡಿಸಬೇಕು!

ಇಂಗ್ಲಿಷ್ ಬೇಡ ಎಂದು ನಾವು ಹೇಳುತ್ತಿಲ್ಲ. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಲು ಹೊರಟಿತು. ಮಾಧ್ಯಮದ ಜಗಳ ಬೇರೆ, ಅದನ್ನು ಬಿಡುವುದಿಲ್ಲ. ಇವತ್ತು ಕೇಳುವುದು ಇಷ್ಟೇ. ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ. ಇಂಗ್ಲಿಷ್ ಪಾಠದ ಹೊತ್ತಿನಲ್ಲಿ ಕಪ್ಪುಹಲಗೆಯ ಮೇಲೆ ‘ಬರಬೇಕೂಂತ ಇದ್ದೀನಿ’ ಎಂದು ಬರೆಯಬಹುದೋ, ಬಾರದೋ ಎಂದು ಕೇಳಿ. ಬಾರದು ಎಂದರೆ ಯಾವ ಆದೇಶದ ಪ್ರಕಾರ ಎಂದು ಬರೆಸಿಕೊಂಡು ಬನ್ನಿ.