ಪೈ ಎಂಬ ಅಡ್ಡಹೆಸರು

(ಸಂಘದ ಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯರನ್ನು ಭಾಷಣಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಹೆದರಿಸಿಬಿಡುತ್ತಾರೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಅದರಲ್ಲೂ ಹೊರಗೆ ಹೋಳಿಗೆ ಊಟ ಕಾದಿರುವಾಗ! ಇವತ್ತು ನಾವು ಆ ಮಾತು ಎತ್ತುವುದಿಲ್ಲ. ಒಂದು ಅಡ್ಡಹೆಸರಿನ ವಿಷಯವಾಗಿ ನಾಲ್ಕು ಮಾತು ಹೇಳಿ ಮುಗಿಸುತ್ತೇವೆ.

ನಮ್ಮ ಪರಿಚಯದ ಒಂದು ಮನೆಯಲ್ಲಿ ಹದಿಮೂರು ವರ್ಷದ ಹುಡುಗಿ ಇದ್ದಾಳೆ. ತಂದೆಯ ಹೆಸರಿನ ಕೊನೆಗೆ ‘ಪೈ’ ಎಂದಿದೆ. ಇಲ್ಲಿಯ ಮಲಯ ಭಾಷೆಯಲ್ಲಿ ಪೈ ಎಂದರೆ ಹೂರಣ ತುಂಬಿ ಬೇಯಿಸಿದ ತಿಂಡಿ. ಪೈ ಎಪಲ್, ಪೈ ಅಯಾಮ್ ನಿಮಗೆಲ್ಲ ಗೊತ್ತೇ ಇದೆ. ಮಲಾಕದ ನ್ಯೋನ್ಯ ಅಡುಗೆಯಲ್ಲಿ ಪೈ ಟೀ ಬೇರೆ. ಇದು ಸಾಲದು ಎಂದು ಗಣಿತದ ಪಾಠದಲ್ಲಿ ವೃತ್ತದ ಪೈ ಬಂತು. ಅಂದು ತರಗತಿಯೆಲ್ಲ ಇವಳ ಕಡೆ ತಿರುಗಿ ನಕ್ಕಿತಂತೆ. ಸಂಜೆ ನಾವು ಅವರ ಮನೆಗೆ ಹೋದಾಗ ಮುಖ ಊದಿಸಿಕೊಂಡು ಕೇಳಿದಳು: “ಅಂಕಲ್, ಪೈ ಅಂದ್ರೆ ನಿಜವಾಗಿ ಏನು? ನಮಗೆ ಯಾಕೆ ಬೇಕು ಆ ಹೆಸರು?”

ಅಂದು ನಗಿಸಿ ಸಮಾಧಾನ ಮಾಡಿ ಬಂದೆವು. ಆದರೆ ದಾರಿಯುದ್ದಕ್ಕೂ ಆ ಪ್ರಶ್ನೆ ಕೊರೆಯುತ್ತಿತ್ತು. ಯಾಕೆಂದರೆ ಈ ದೇಶದಲ್ಲಿ ಆ ಹೆಸರು ಬೇಡವೆಂದು ಯಾರೂ ಬಿಡಬೇಕಾಗಿಲ್ಲ, ತಾನಾಗಿಯೇ ಹೋಗುತ್ತದೆ. ಇಲ್ಲಿ ಭಾರತೀಯ ಮೂಲದವರ ಜನನ ಪತ್ರದಲ್ಲಿ ಸಾಮಾನ್ಯವಾಗಿ ಮಗುವಿನ ಹೆಸರು, ನಂತರ ‘ಅನಕ್ ಲೆಲಾಕಿ’ ಅಥವಾ ‘ಅನಕ್ ಪೆರೆಂಪುವಾನ್’, ಎಂದರೆ ಇಂಥವರ ಮಗ ಅಥವಾ ಮಗಳು, ನಂತರ ತಂದೆಯ ಹೆಸರು ಇರುತ್ತದೆ. ಗಣೇಶ ಪೈ ಎಂಬುವರ ಮಗ ‘ಅರುಣ ಎ/ಎಲ್ ಗಣೇಶ ಪೈ’ ಎಂದಾಗುತ್ತಾನೆ. ಅರುಣನ ಮಗಳು ‘ಎ/ಪಿ ಅರುಣ’ ಆದಳೆಂದರೆ ಪೈ ಅಲ್ಲಿಗೆ ಮುಗಿಯಿತು. ಎರಡೇ ತಲೆಮಾರು. ರಾವ್, ಶೆಟ್ಟಿ, ಹೆಗ್ಡೆ, ಗೌಡ, ಪಾಟೀಲ ಎಲ್ಲರದೂ ಇದೇ ಕತೆ. ಇದು ನಷ್ಟವೇ? ನಷ್ಟವಾದರೆ ನಿಜವಾಗಿ ಹೋಗುವುದು ಏನು?

ವೈದ್ಯಶಾಸ್ತ್ರದಲ್ಲಿ ಅಡ್ಡಹೆಸರಿಗೆ ಒಂದು ಬೆಲೆ ಇದೆ. ಕೆನಡಾದ ಫ್ರೆಂಚ್ ಭಾಷೆಯ ಪ್ರಾಂತವಾದ ಕ್ವಿಬೆಕ್‌ನಲ್ಲಿ ‘ಟ್ರಾಂಬ್ಲೆ’ ಎಂಬುದು ಬಹಳ ಸಾಮಾನ್ಯವಾದ ಅಡ್ಡಹೆಸರು. 1647ರಲ್ಲಿ ಫ್ರಾನ್ಸಿನಿಂದ ಪಿಯೇರ್ ಟ್ರಾಂಬ್ಲೆ ಎಂಬಾತ ಬಂದ. ಹತ್ತು ವರ್ಷಗಳ ಮೇಲೆ ಅಲ್ಲೇ ಮದುವೆಯಾದ. ಅಲ್ಲಿಯ ಟ್ರಾಂಬ್ಲೆಗಳು ಆ ಒಂದು ದಂಪತಿಗಳ ಸಂತಾನ. ಆ ಹೆಸರು ತುಂಬಿರುವ ಸಾಗನೇ ಎಂಬ ಪ್ರದೇಶದಲ್ಲಿ ಟೈರೊಸಿನೀಮಿಯ ಎಂಬ ಯಕೃತ್ತಿನ ಅಪರೂಪದ ವಂಶವಾಹಿ ಕಾಯಿಲೆ ಸುಮಾರು 1,850 ಶಿಶುಗಳಲ್ಲಿ ಒಂದಕ್ಕೆ ಕಂಡುಬಂದಿದೆ. ಬೇರೆಡೆ ಲಕ್ಷಕ್ಕೆ ಒಂದು ಕಾಣುವುದೂ ಕಷ್ಟ. ಇದು ಒಂದು ಮನೆತನದ ದೋಷವಲ್ಲ. ಕೆಲವೇ ಕುಟುಂಬಗಳಿಂದ ಇಡೀ ನಾಡು ಬೆಳೆದದ್ದರ ಫಲ. ಅಲ್ಲಿ ಅಡ್ಡಹೆಸರಿನ ಜಾಡು ಹಿಡಿದು ಹೋದರೆ ರಕ್ತದ ಜಾಡು ಸಿಗುತ್ತದೆ.

ನಮ್ಮ ಪೈಗಳ ವಿಷಯ ಹಾಗಲ್ಲ. ಪೈ ಎಂದ ಮಾತ್ರಕ್ಕೆ ಎಲ್ಲರೂ ಒಬ್ಬ ಮೂಲಪುರುಷನ ಮಕ್ಕಳಲ್ಲ. ಕರಾವಳಿಯಲ್ಲಿ “ನಾನು ಪೈ” ಎಂದರೆ ಯಾರೂ ತೃಪ್ತರಾಗುವುದಿಲ್ಲ. “ಯಾವ ಊರಿನ ಪೈ ಮಾರಾಯ್ರೆ?” ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಅದಕ್ಕೆ ಉತ್ತರ ಹೆಸರಿನ ಮೊದಲ ಅಕ್ಷರದಲ್ಲಿರುತ್ತದೆ.

ಅಮ್ಮೆಂಬಳ ಸುಬ್ಬರಾವ್ ಪೈ ಅವರನ್ನು ನೋಡಿ. ಅಮ್ಮೆಂಬಳ ಊರು. ಇವರು ಮಂಗಳೂರಿನಲ್ಲಿ ವಕೀಲರು. 1891ರಲ್ಲಿ ಕೆನರಾ ಹೈಸ್ಕೂಲು, 1894ರಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶಾಲೆ ತೆರೆದರು. 1906ರಲ್ಲಿ ಇವರು ಆರಂಭಿಸಿದ ನಿಧಿಯೇ ಕೆನರಾ ಬ್ಯಾಂಕ್ ಆಯಿತು.

ಮಂಜೇಶ್ವರ ಗೋವಿಂದ ಪೈ ಅವರ ಮನೆಮಾತು ಕೊಂಕಣಿ. ಬರೆದದ್ದು ಕನ್ನಡದಲ್ಲಿ. ಯೇಸುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’, ಬುದ್ಧನನ್ನು ಕುರಿತು ‘ವೈಶಾಖಿ’ ಬರೆದರು. 1949ರಲ್ಲಿ ಅಂದಿನ ಮದರಾಸು ಸರ್ಕಾರ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು. ಕನ್ನಡದಲ್ಲಿ ಆ ಬಿರುದು ಮೊದಲು ಬಂದದ್ದು ಇವರಿಗೇ. 1956ರಲ್ಲಿ ಗಡಿ ಗೆರೆ ಎಳೆದಾಗ ಮಂಜೇಶ್ವರ ಕೇರಳಕ್ಕೆ ಸೇರಿತು. ಕವಿಗಳು 1963ರಲ್ಲಿ ತೀರಿಕೊಳ್ಳುವವರೆಗೂ ಕನ್ನಡದ ಕವಿಯಾಗಿಯೇ ಉಳಿದರು. ಗಡಿಯಾಚೆ ಇರುವ ನಮಗೆ ಇದು ನೆನಪಿರಬೇಕು.

ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಅಮರ ಚಿತ್ರ ಕಥೆ, 1980ರಲ್ಲಿ ಟಿಂಕಲ್ ಆರಂಭಿಸಿದರು. 2011ರಲ್ಲಿ ತೀರಿಕೊಂಡರು. ಮಕ್ಕಳ ಬಾಯಲ್ಲಿ ಅವರು ‘ಅಂಕಲ್ ಪೈ’. ರಾಮಾಯಣ, ಮಹಾಭಾರತ ನಮ್ಮ ಅನೇಕ ಮನೆಗಳ ಮಕ್ಕಳಿಗೆ ಮೊದಲು ತಲುಪಿದ್ದು ಅಜ್ಜಿಯಿಂದಲ್ಲ, ಆ ಬಣ್ಣದ ಪುಸ್ತಕಗಳಿಂದ. ಇದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಇನ್ನು ಡಾ. ಟಿ.ಎಂ.ಎ. ಪೈ. ತೋನ್ಸೆ ಊರು, ಮಾಧವ ಅವರ ಹೆಸರು, ಅನಂತ ತಂದೆ. ಹುಟ್ಟಿದ್ದು 1898, ತೀರಿಕೊಂಡದ್ದು 1979. ಮದರಾಸಿನಲ್ಲಿ ವೈದ್ಯಕೀಯ ಓದಿ ಉಡುಪಿಯಲ್ಲಿ ಔಷಧ ಕೊಡುತ್ತಿದ್ದವರು. ಬರಿಯ ಔಷಧದಿಂದ ಜನರ ಕಷ್ಟ ಹೋಗದು ಎಂದು ಕಂಡುಕೊಂಡರು. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ, ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದರು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ಬ್ಯಾಂಕಿನವರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಪಡೆಯುತ್ತಿದ್ದರು. ಹಳೆಯ ಲೆಕ್ಕದಲ್ಲಿ ಆಣೆಗೆ ಹನ್ನೆರಡು ಪೈ. ಎರಡಾಣೆ ಎಂದರೆ ಇಪ್ಪತ್ತನಾಲ್ಕು ಪೈ! ನಮ್ಮ ಹುಡುಗಿಗೆ ಇದು ಇನ್ನೊಂದು ಪೈ. ಒಬ್ಬ ಪೈ ಕಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಇನ್ನೊಬ್ಬ ಪೈ ಕಟ್ಟಿದ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಇಬ್ಬರೂ ಬ್ಯಾಂಕಿಗೆ ತಮ್ಮ ಹೆಸರು ಇಟ್ಟಿರಲಿಲ್ಲ ಎಂಬುದು ಗಮನಿಸತಕ್ಕದ್ದು.

ಹೆಸರು ಬೇರೆ ಕಡೆ ಉಳಿದಿದೆ. ಉಡುಪಿಯಲ್ಲಿ ಟಿ.ಎಂ.ಎ. ಪೈ ಆಸ್ಪತ್ರೆ ಇದೆ. ಕಾನೂನು ಓದುವವರಿಗೆ ‘ಟಿ.ಎಂ.ಎ. ಪೈ ಪ್ರತಿಷ್ಠಾನ’ ಎಂದರೆ 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ಖಾಸಗಿ ಶಿಕ್ಷಣ ಸಂಸ್ಥೆಗಳ ಹಕ್ಕಿನ ಬಗ್ಗೆ ಕೊಟ್ಟ ತೀರ್ಪು. 1949ರಲ್ಲಿ ಅವರು ಉಡುಪಿಯಲ್ಲಿ ಸ್ಥಾಪಿಸಿದ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆವರಣದಲ್ಲೇ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ತೋನ್ಸೆಯ ಪೈ, ಮಂಜೇಶ್ವರದ ಪೈ ಅಲ್ಲಿ ಒಟ್ಟಿಗೆ ಸಿಗುತ್ತಾರೆ.

1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬಂತು. ಸರ್ಕಾರದ ಬದಲು ವಿದ್ಯಾರ್ಥಿಯೇ ಹಣ ಕೊಟ್ಟು ಓದುವ ಆ ಪದ್ಧತಿಯನ್ನು ಟೀಕಿಸಿದವರೂ ಉಂಟು. ಆದರೆ ಊರಲ್ಲಿ ಸೀಟು ಸಿಗದ ಎಷ್ಟೋ ಮಲೇಷ್ಯಾದ ಹುಡುಗ ಹುಡುಗಿಯರು ಅಲ್ಲಿ ಓದಿ ವೈದ್ಯರಾಗಿ ಬಂದರು. 1997ರಲ್ಲಿ ಮಲಾಕದಲ್ಲೇ ಮಲಾಕ–ಮಣಿಪಾಲ ವೈದ್ಯಕೀಯ ಕಾಲೇಜು ಆರಂಭವಾಯಿತು. ಅರ್ಧ ಓದು ಮಣಿಪಾಲದಲ್ಲಿ, ಉಳಿದರ್ಧ ಮಲಾಕದಲ್ಲಿ ಎಂಬುದು ಅದರ ಕ್ರಮವಾಗಿತ್ತು. 2021ರಲ್ಲಿ ಅದು ಮಣಿಪಾಲ ಯೂನಿವರ್ಸಿಟಿ ಕಾಲೇಜ್ ಮಲೇಷ್ಯಾ ಎಂದಾಯಿತು.

ಇದರ ಫಲವನ್ನು ನಾವು ಒಮ್ಮೆ ಕಣ್ಣಾರೆ ಕಂಡೆವು. ಮಗನ ಮನೆಗೆಂದು ಊರಿನಿಂದ ಬಂದಿದ್ದ ಅಜ್ಜಿಯೊಬ್ಬರಿಗೆ ರಾತ್ರಿ ಹೊಟ್ಟೆನೋವು ಬಂತು. ಆಸ್ಪತ್ರೆಗೆ ಕರೆದೊಯ್ದರು, ಜೊತೆಗೆ ನಾವೂ ಹೋದೆವು. ಭಾಷೆ ಬಾರದ ಊರು, ಅಪರಿಚಿತ ಮುಖಗಳು. ಅಜ್ಜಿ ಬಾಯಿ ಬಿಡಲಿಲ್ಲ. ಪಾಳಿಯಲ್ಲಿದ್ದ ಚೀನೀ ಮೂಲದ ತರುಣ ವೈದ್ಯರು ಮಂಚದ ಬಳಿ ಬಂದು, “ಎಂತ ಆಯ್ತು ಅಜ್ಜಿ? ಎಲ್ಲಿ ನೋವು ಉಂಟು?” ಎಂದರು. ಅಪ್ಪಟ ಉಡುಪಿಯ ಕನ್ನಡ! ಅಜ್ಜಿ ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಮಣಿಪಾಲದ ವಾರ್ಡಿನಲ್ಲಿ ರೋಗಿಗಳನ್ನು ವಿಚಾರಿಸಲು ಕಲಿತ ನಾಲ್ಕೈದು ವಾಕ್ಯ ಅವರಿಗೆ ಮರೆತಿರಲಿಲ್ಲ. ತೋನ್ಸೆಯ ಪೈಗಳಿಗೂ ಆ ತರುಣರಿಗೂ ರಕ್ತ ಸಂಬಂಧ ಏನೂ ಇಲ್ಲ. ಆದರೆ ಆ ರಾತ್ರಿ ಅಜ್ಜಿಯ ಪಾಲಿಗೆ ಒದಗಿದ್ದು ಆ ಮನೆತನದ ಕೆಲಸವೇ.

ಹುಡುಗಿಗೆ ನಮ್ಮ ಉತ್ತರ ಇಷ್ಟು. ಮಗಳೆ, ಪೈ ಎಂಬ ಒಂದಕ್ಷರ ನಿನ್ನ ಮಕ್ಕಳ ಗುರುತಿನ ಚೀಟಿಯಲ್ಲಿ ಇರಲಿಕ್ಕಿಲ್ಲ. ಅದಕ್ಕೆ ಅಳಬೇಡ. ಆದರೆ ನಿಮ್ಮ ಮನೆ ಯಾವ ಊರಿನದು, ಅಜ್ಜ ಅಜ್ಜಿ ಅಲ್ಲಿ ಏನು ಮಾಡಿಕೊಂಡಿದ್ದರು ಎಂಬುದು ಗೊತ್ತಿಲ್ಲದೆ ಹೋದರೆ, ಆಗ ನಷ್ಟವಾಯಿತು ಎನ್ನು.

ದೊಡ್ಡವರಲ್ಲಿ ನಮ್ಮದೊಂದು ಬೇಡಿಕೆ. ಔಷಧ ಚೀಟಿ ಬರೆಯುವ ಮೊದಲು ನಾವು ವೈದ್ಯರು “ನಿಮ್ಮ ತಂದೆಗೆ ಏನಿತ್ತು, ತಾಯಿಗೆ ಏನಿತ್ತು?” ಎಂದು ಕೇಳುತ್ತೇವೆ. ಅಜ್ಜಂದಿರ ವಿಷಯಕ್ಕೆ ಬಂದರೆ ಇಲ್ಲಿ ಹುಟ್ಟಿದ ಮಕ್ಕಳಿಗೆ ಉತ್ತರ ಗೊತ್ತಿರುವುದಿಲ್ಲ. ಇವತ್ತು ಮನೆಗೆ ಹೋದ ಮೇಲೆ ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ನಿಮ್ಮ ಹೆಸರಿನ ಮೊದಲಿರುವ ಅಕ್ಷರಗಳನ್ನು ಬಿಡಿಸಿ ಬರೆಯಿರಿ. ಊರು, ತಾಲೂಕು, ಅಜ್ಜ ಅಜ್ಜಿಯರ ಹೆಸರು, ಅವರ ಕೆಲಸ, ಕೊನೆಗೆ ಅವರ ಕಾಯಿಲೆಗಳು. ತಾಯಿಯ ಕಡೆಯದನ್ನೂ ಮರೆಯಬೇಡಿ. ಕನ್ನಡದಲ್ಲಿ ಒಮ್ಮೆ, ಮಕ್ಕಳು ಓದಬಲ್ಲ ಭಾಷೆಯಲ್ಲಿ ಒಮ್ಮೆ ಬರೆಯಿರಿ. ಊರಿಗೆ ಫೋನು ಮಾಡಿ ಕೇಳಲು ಹಿರಿಯರು ಇರುವಾಗಲೇ ಇದು ಆಗಬೇಕು.

ಕೊನೆಗೂ ಕಾಯಿಲೆಯ ಮಾತು ಬಂದೇಬಿಟ್ಟಿತು, ಕ್ಷಮಿಸಿ. ಹೋಳಿಗೆ ಆರುವ ಮೊದಲು ನಿಲ್ಲಿಸುತ್ತೇವೆ.