ಮರದ ಬುಡದ ಮಣ್ಣು



ಕೊಲ್ಲೂರಿನ ಕಾಡಿನಲ್ಲಿ ನಡೆದವರು ತರಗೆಲೆಯ ಕೆಳಗಿನ ಮಣ್ಣಿನ ಮೆದುವನ್ನು ಬಲ್ಲರು. ಅದೇ ಕೆಂಪು ಮಣ್ಣು ವಾಹನಗಳು ನಿಲ್ಲುವೆಡೆ ಗುದ್ದಲಿಗೂ ಜಗ್ಗದು. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧಭಾಗ ಗಾಳಿ, ನೀರುಗಳಿಗೆ ಎಡೆಕೊಡುವ ರಂಧ್ರಗಳೇ. ಚಕ್ರದ ಭಾರಕ್ಕೆ, ಅದರಲ್ಲೂ ಮಳೆಗಾಲದ ಹಸಿನೆಲದಲ್ಲಿ, ಅವು ಮುಚ್ಚಿಹೋಗುತ್ತವೆ. ಆಹಾರ ಹೀರುವ ಬೇರುಗಳು ಬಹುಪಾಲು ಮೇಲಿನ 2 ಅಡಿಯೊಳಗೇ ಇರುವುದರಿಂದ ಉಸಿರಿಲ್ಲದೆ ಸೊರಗುತ್ತವೆ. ಹಬ್ಬದ ದಿನ ಇಗರ್ಜಿಯಂಗಳದ ಮರದಡಿ ವಾಹನ ನಿಲ್ಲಿಸುವವರು ನಾವೇ. ತುದಿಕೊಂಬೆ ಒಣಗಿದಾಗ ರೋಗವೆಂದು ಔಷಧಿ ಹುಡುಕುವವರೂ ನಾವೇ!

2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ದೆಹಲಿಯ ಮರಗಳ ಸುತ್ತಲಿನ 1 ಮೀಟರ್ ಕಾಂಕ್ರೀಟನ್ನು ತೆಗೆಯಲು ಆದೇಶಿಸಿತು. ಬೇರುಗಳು ಕೊಂಬೆಗಳ ಹರವನ್ನೂ ಮೀರಿ ಚಾಚುವುದರಿಂದ ಅಷ್ಟೇ ಸಾಲದೆಂದು ನಮ್ಮ ಅಭಿಪ್ರಾಯ.

ಮೊದಲು ನೆರಳಿನಷ್ಟಗಲಕ್ಕೆ ಬೇಲಿ ಕಟ್ಟಿ ವಾಹನಗಳನ್ನು ತಡೆಯಬೇಕು. ಮಳೆ ನಿಂತು ಮಣ್ಣು ಕೈಯಲ್ಲಿ ಪುಡಿಯಾಗುವ ಹೊತ್ತಿಗೆ, ದಪ್ಪ ಬೇರುಗಳನ್ನು ಕಡಿಯದೆ, ಕಾಂಡದಿಂದ ತುಸು ದೂರದಲ್ಲಿ ಆರಂಭಿಸಿ ಚಕ್ರದ ಕಡ್ಡಿಗಳಂತೆ ಹೊರಕ್ಕೆ ಸಾಗುವ 1 ಅಡಿ ಆಳದ ಕಿರುಗಾಲುವೆಗಳನ್ನು ತೋಡಿ, ಅದೇ ಮಣ್ಣಿಗೆ ಕಳಿತ ಗೊಬ್ಬರ ಬೆರೆಸಿ ತುಂಬಬೇಕು. ಮೇಲೆ 3 ಅಂಗುಲ ತರಗೆಲೆ, ಕಾಂಡಕ್ಕೆ ತಾಗದಂತೆ. ಹೊರಗಿನಿಂದ ಮಣ್ಣು ತಂದು ಬುಡಕ್ಕೆ ಏರಿಸುವುದು ಬೇಡ. ಅದರಿಂದಲೂ ಬೇರಿಗೆ ಉಸಿರುಕಟ್ಟುತ್ತದೆ. ಮುಂದಿನ ಕೆಲಸ ಎರೆಹುಳುಗಳದು, ಅದಕ್ಕೆ ಕೆಲವು ವರ್ಷಗಳೇ ಬೇಕು. ಅಂಗಳ ಗುಡಿಸಿದ ಎಲೆಗಳಿಗೆ ಈ ಬಾರಿ ಬೆಂಕಿಯಿಡದೆ ಬೇಲಿಯೊಳಗೆ ಸುರಿಯೋಣ.