ಬರುವ ಕೈಗಳಿಗೆ ಕೆಲಸ



ಕಂಪನಿಗಳ ನೌಕರರನ್ನು ಸ್ವಯಂಸೇವಕರಾಗಿ ನಮ್ಮ ಸೇವಾ ಸಂಸ್ಥೆಗಳತ್ತ ಸೆಳೆಯುವುದು ಹೇಗೆ ಎಂದು ಮಾತನಾಡಲು ನನ್ನನ್ನು ಕರೆದಿದ್ದೀರಿ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬರಲು ಮನಸ್ಸಿರುವ ಜನ ಬೇಕಾದಷ್ಟು ಇದ್ದಾರೆ. ಅವರ ಕೈಗೆ ಕೊಡುವ ಕೆಲಸವನ್ನು ನಾವು ಸಿದ್ಧಮಾಡಿಟ್ಟುಕೊಂಡಿರುವುದಿಲ್ಲ.

ಮೊದಲು ಕಂಪನಿಯ ಹಣ, ಕಂಪನಿಯ ಜನ ಎರಡೂ ಒಂದೇ ಎಂಬ ಗೊಂದಲವನ್ನು ಬಿಡಿಸೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕಾರ್ಯಕ್ಕೆ ಖರ್ಚು ಮಾಡಬೇಕು. ಇದೇ ಸಿಎಸ್‌ಆರ್ ಹಣ. ನೌಕರರು ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ಈ ಶೇ 2ರ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2016ರ ಜನವರಿಯ ಸುತ್ತೋಲೆಯಲ್ಲೇ ತಿಳಿಸಿದೆ, 2021ರಲ್ಲಿ ಮತ್ತೆ ಹೇಳಿದೆ. ಅಂದಮೇಲೆ ಕಂಪನಿ ತನ್ನ ಜನರನ್ನು ನಮ್ಮಲ್ಲಿಗೆ ಕಳಿಸುವಾಗ ಕಾಯ್ದೆಯ ಒತ್ತಾಯವಿಲ್ಲ. ಕಳಿಸುತ್ತಾರೆ, ಏಕೆಂದರೆ ಅಲ್ಲಿ ದುಡಿಯುವವರಿಗೇ ಅದು ಬೇಕಾಗಿದೆ. ದಿನವಿಡೀ ಪರದೆಯ ಮುಂದೆ ಕುಳಿತವನಿಗೆ ತನ್ನ ಕೆಲಸದಿಂದ ಯಾರಿಗೆ ಏನು ಉಪಕಾರವಾಯಿತು ಎಂದು ಕಣ್ಣಾರೆ ಕಾಣುವ ಹಂಬಲವಿರುತ್ತದೆ. ಆದ್ದರಿಂದ ಹಣ ಕೇಳುವ ಅರ್ಜಿಯೂ ಜನ ಕೇಳುವ ಪತ್ರವೂ ಒಂದೇ ಲಕೋಟೆಯಲ್ಲಿ ಹೋಗಬಾರದು. ಹಣಕ್ಕೆ 2021ರ ಏಪ್ರಿಲ್‌ನಿಂದ ಸಂಸ್ಥೆಗೆ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು. ಜನರನ್ನು ಕೇಳಲು ಅದರ ಅಗತ್ಯವಿಲ್ಲ.

ಈಗ ಸಾಮಾನ್ಯವಾಗಿ ಆಗುವುದೇನು? ಕಂಪನಿಯಿಂದ ಫೋನ್ ಬರುತ್ತದೆ: "ಶನಿವಾರ ನಲವತ್ತು ಜನ ಬರ್ತೀವಿ ಮೇಡಂ, ಅರ್ಧ ದಿನ. ಏನಾದ್ರೂ ಆಕ್ಟಿವಿಟಿ ಇಟ್ಕೊಳ್ಳಿ." ನಾವು ಇಲ್ಲವೆನ್ನಲಾರದೆ ಒಪ್ಪುತ್ತೇವೆ. ಕಳೆದ ವರ್ಷ ಬಣ್ಣ ಬಳಿದ ಗೋಡೆಗೆ ಮತ್ತೆ ಬಣ್ಣ. ಫೆಬ್ರುವರಿಯ ಒಣ ನೆಲದಲ್ಲಿ ಗುಂಡಿ ತೋಡಿ ಗಿಡ ನೆಡುವುದು, ಆಮೇಲೆ ನೀರು ಹೊರುವವರಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಗುವಿನ ಗುರುತು ಹೊರಗೆಡಹುವುದು ಅಪರಾಧ, ಚಿತ್ರವೂ ಅದರಲ್ಲಿ ಸೇರಿದೆ. ಇದನ್ನು ಬಾಗಿಲಲ್ಲೇ ಗಟ್ಟಿಯಾಗಿ ಹೇಳುವ ಧೈರ್ಯ ನಮಗಿರಬೇಕು. ಇಂಥ ಶನಿವಾರದ ನಂತರ ಬಂದವರು ಮತ್ತೆ ಬರುವುದಿಲ್ಲ. ತಾವು ಮಾಡಿದ್ದು ಕೆಲಸವಲ್ಲವೆಂದು ಅವರಿಗೂ ಗೊತ್ತಾಗಿರುತ್ತದೆ.

ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯಂತೆ ದುಡಿಯುವ ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ನೆನೆಯಿರಿ. ಮುಯ್ಯಾಳು ಕರೆದ ಮನೆಯವರು ಹಿಂದಿನ ದಿನವೇ ಯಾವ ಗದ್ದೆ, ಎಷ್ಟು ನಾಟಿ, ಎಷ್ಟು ಆಳು ಎಂದು ಲೆಕ್ಕ ಹಾಕಿರುತ್ತಾರೆ. ಸಸಿ ಕಿತ್ತು ಕಟ್ಟಿಟ್ಟಿರುತ್ತಾರೆ. ಬಂದವರು ಗದ್ದೆಯ ಬದುವಿನಲ್ಲಿ ಕೈಕಟ್ಟಿ ನಿಲ್ಲುವ ಪ್ರಶ್ನೆಯೇ ಇಲ್ಲ.

ಕೆಲಸ ನಿಜವಾದದ್ದಾದರೆ ಜನ ಉಳಿಯುತ್ತಾರೆ ಎಂಬುದಕ್ಕೆ ಬೆಂಗಳೂರಿನಲ್ಲೇ ಮಾದರಿ ಇದೆ. ಸ್ವತಃ ದೃಷ್ಟಿದೋಷವುಳ್ಳ ಮಧು ಸಿಂಘಾಲ್ ಅವರು 1990ರಲ್ಲಿ ಕಟ್ಟಿದ ಮಿತ್ರ ಜ್ಯೋತಿ ಸಂಸ್ಥೆ ಕಣ್ಣು ಕಾಣದವರಿಗಾಗಿ ಧ್ವನಿಪುಸ್ತಕಗಳನ್ನು ಸಿದ್ಧಪಡಿಸುತ್ತದೆ. ಓದಿ ಧ್ವನಿಮುದ್ರಿಸುವವರು ಸ್ವಯಂಸೇವಕರು. ಈ ಕೆಲಸದ ಗುಣವನ್ನು ಗಮನಿಸಿ. ಸ್ಪಷ್ಟ ಉಚ್ಚಾರಣೆ ಬೇಕು, ತಾಳ್ಮೆ ಬೇಕು. ಮುಗಿದಾಗ ಒಂದು ಪುಸ್ತಕ ಪೂರ್ತಿಯಾಗಿರುತ್ತದೆ, ಅದನ್ನು ಕೇಳಿ ಒಬ್ಬ ಹುಡುಗಿ ಪರೀಕ್ಷೆಗೆ ಓದಿಕೊಳ್ಳಬಹುದು. ಕನ್ನಡದ ಪಠ್ಯಗಳನ್ನು ಕನ್ನಡ ಬಲ್ಲವರೇ ಓದಬೇಕು. ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಇಂದು ದೊಡ್ಡ ಕಂಪನಿಯಲ್ಲಿರುವ ಮಕ್ಕಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರನ್ನು ಹುಡುಕಿ. ತಮ್ಮ ತಾಲ್ಲೂಕಿನ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ವಾರಕ್ಕೊಂದು ಸಂಜೆ ಫೋನಿನಲ್ಲೇ ಗಣಿತ ಹೇಳಿಕೊಡಲು ಅವರಿಗಿಂತ ಯೋಗ್ಯರಿಲ್ಲ.

ಇನ್ನೊಂದು ಮಾತು ನನಗೆ ಬಹಳ ಮುಖ್ಯವಾದುದು. ಕಂಪನಿ ಎಂದೊಡನೆ ನಾವು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳನ್ನಷ್ಟೇ ನೋಡುತ್ತೇವೆ. ಪೀಣ್ಯದ, ಬೊಮ್ಮಸಂದ್ರದ, ಹುಬ್ಬಳ್ಳಿ ಗೋಕುಲ ರಸ್ತೆಯ, ಬೆಳಗಾವಿ ಉದ್ಯಮಬಾಗ್‌ನ ಕಾರ್ಖಾನೆಗಳೂ ಕಂಪನಿಗಳೇ. ಅಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಇದ್ದಾರೆ. ಮಕ್ಕಳ ಹಾಸ್ಟೆಲ್ ನಡೆಸುವ ಒಂದು ಸಂಸ್ಥೆಗೆ ಏನೇನು ಬೇಕು ನೋಡಿ: ಸವೆದ ವೈರಿಂಗ್ ಬದಲಾಯಿಸಬೇಕು, ಸೋಲಾರ್ ಹೀಟರ್ ಕೆಟ್ಟಿದೆ, ಗಾಲಿಕುರ್ಚಿಗೆ ಇಳಿಜಾರು ಬೇಕು, ಕಿಟಕಿಯ ಸರಳು ಕಳಚಿದೆ. ಮೈಂಟೆನೆನ್ಸ್ ವಿಭಾಗದ ಇಬ್ಬರು ಎರಡು ಭಾನುವಾರ ಬಂದರೆ ಇಷ್ಟೂ ಆಗುತ್ತದೆ. ಅವರನ್ನು ಯಾರೂ ಕೇಳಿಲ್ಲ. ಸೇವೆಗೆ ಇಂಗ್ಲಿಷ್ ಬಲ್ಲ ಅಧಿಕಾರಿಗಳೇ ಬರಬೇಕೆಂಬ ಅಭ್ಯಾಸ ನಮಗೆ ಬಿದ್ದಿದೆ, ಅದು ತಪ್ಪು. ದೊಡ್ಡ ಉದ್ಯಮಗಳು ಕೂಡ ಕಸುಬಿನ ನೆರವಿನತ್ತ ತಿರುಗಿವೆ. ಟಾಟಾ ಸಮೂಹ 2014ರಲ್ಲಿ ಆರಂಭಿಸಿದ ಪ್ರೊಎಂಗೇಜ್ ಯೋಜನೆಯಲ್ಲಿ ನೌಕರರು ತಿಂಗಳುಗಟ್ಟಲೆ ಬಿಡುವಿನ ವೇಳೆಯಲ್ಲಿ ಒಂದು ಸಂಸ್ಥೆಗೆ ತಮ್ಮ ವೃತ್ತಿಕೌಶಲ ಕೊಡುತ್ತಾರೆ. ನಿಮ್ಮ ಟ್ಯಾಲಿ ಲೆಕ್ಕ ಸರಿಪಡಿಸುವ ಒಬ್ಬ ಅಕೌಂಟೆಂಟ್ ಗೋಡೆಗೆ ಬಣ್ಣ ಬಳಿಯುವ ನಲವತ್ತು ಜನರಿಗಿಂತ ಹೆಚ್ಚು.

ಉಳಿದದ್ದು ವ್ಯವಸ್ಥೆ. ಹತ್ತಿರದ ಕಂಪನಿಗೆ ಮೊದಲು ಹೋಗಿ. ಎರಡು ಗಂಟೆ ಟ್ರಾಫಿಕ್‌ನಲ್ಲಿ ಕಳೆದು ಬಂದವರು ತಿಂಗಳಿಗೊಮ್ಮೆಯೂ ಬರಲಾರರು. ಏನು ಕೆಲಸ, ಎಷ್ಟು ಜನ, ಎಷ್ಟು ಗಂಟೆ, ಯಾರನ್ನು ಕಾಣಬೇಕು ಎಂಬುದು ಒಂದು ಹಾಳೆಯಲ್ಲಿರಲಿ. ಬಂದವರನ್ನು ನೋಡಿಕೊಳ್ಳಲು ಸಂಸ್ಥೆಯಲ್ಲಿ ಒಬ್ಬರು ಇರಲೇಬೇಕು. ಅವರ ಸಂಬಳವನ್ನು ಯೋಜನೆಯ ವೆಚ್ಚದಲ್ಲಿ ತೋರಿಸಿ ದಾನಿಗಳನ್ನು ಕೇಳಿ, ಸಂಕೋಚ ಬೇಡ. ಮಕ್ಕಳೊಡನೆ ಬೆರೆಯುವವರ ಗುರುತು, ಹಿನ್ನೆಲೆ ಪರಿಶೀಲಿಸಿ. ಯಾರನ್ನೂ ಮಗುವಿನೊಂದಿಗೆ ಒಂಟಿಯಾಗಿ ಬಿಡಬೇಡಿ. ಕೆಲಸ ಮುಗಿದ ವಾರದೊಳಗೆ ಅದರಿಂದ ಏನಾಯಿತೆಂದು ಬಂದವರಿಗೆ ಬರೆದು ತಿಳಿಸಿ.

ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ. ಆ ಹೊತ್ತಿಗೆ ಕಂಪನಿಗಳೇ ನಿಮಗೆ ಫೋನ್ ಮಾಡುತ್ತವೆ. ಅದಕ್ಕೆ ಮುಂಚೆ ನಿಮ್ಮ ಅಡುಗೆಯವರಿಂದ ಹಿಡಿದು ಕಾರ್ಯದರ್ಶಿಯವರೆಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಮಾಡುವವರಿಲ್ಲದೆ ನಿಂತಿರುವ ಕೆಲಸಗಳ ಪಟ್ಟಿ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.